ದೇವದಾಸ: ಕಥೆ ಒಂದೇ, ಕಣ್ಣೀರು ಯಾರಿಗಾಗಿ?

ಗಡ್ಡ ಬಿಟ್ಟು, ಮುಖ ಬಾಡಿಸಿಕೊಂಡು ಕೂತ ಹುಡುಗನನ್ನು ಕಂಡರೆ ನಾವೆಲ್ಲ ಕೇಳುವುದು ಒಂದೇ ಮಾತು: ‘ಏನಪ್ಪಾ, ದೇವದಾಸ ಆಗಿಬಿಟ್ಟಿದ್ದೀಯಲ್ಲ!’ ಹೀಗೆ ಕೇಳುವವರಲ್ಲಿ ಎಷ್ಟು ಜನ ಕಾದಂಬರಿ ಓದಿದ್ದಾರೆ? ಬಹಳ ಕಡಿಮೆ. ನಮಗೆ ಗೊತ್ತಿರುವ ದೇವದಾಸ ತೆರೆಯ ಮೇಲಿನವನು. ನಿಮ್ಮ ತಾತನಿಗೆ ಆತ ಸೈಗಲ್, ಅಪ್ಪನಿಗೆ ದಿಲೀಪ್ ಕುಮಾರ್, ನಿಮಗೆ ಶಾರುಖ್ ಖಾನ್. ಹೈದರಾಬಾದಿನಲ್ಲಿರುವ ಓದುಗರು ಪಕ್ಕದ ಮನೆಯ ಹಿರಿಯರನ್ನು ಕೇಳಿ ನೋಡಿ, ‘ದೇವದಾಸು ಅಂದರೆ ನಾಗೇಶ್ವರರಾವ್, ಬೇರೆ ಯಾರೂ ಅಲ್ಲ’ ಅನ್ನುತ್ತಾರೆ.

ಶರತ್‌ಚಂದ್ರ ಚಟ್ಟೋಪಾಧ್ಯಾಯರು ಈ ಚಿಕ್ಕ ಕಾದಂಬರಿಯನ್ನು ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ ಬಂಗಾಳಿಯಲ್ಲಿ ಬರೆದರು. ಅದು ಪ್ರಕಟವಾದದ್ದು ಮಾತ್ರ 1917ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ಭಾಷೆಗಳಲ್ಲಿ ಸಿನಿಮಾ ಆಗಿದೆ. ‘ಯಾವುದು ಪುಸ್ತಕದ ಹಾಗೇ ಇದೆ?’ ಎಂದು ನಾವು ಕೇಳುತ್ತೇವೆ. ಅದಕ್ಕಿಂತ ಉಪಯೋಗದ ಪ್ರಶ್ನೆ ಇನ್ನೊಂದಿದೆ: ನಿರ್ದೇಶಕರು ಏನನ್ನು ಬದಲಾಯಿಸಿದರು, ಅದರಿಂದ ತಪ್ಪು ಯಾರ ತಲೆಯಿಂದ ಯಾರ ತಲೆಗೆ ಹೋಯಿತು?

ಮೊದಲು ಪುಸ್ತಕದಲ್ಲಿ ಏನಿದೆ ನೋಡೋಣ. ಅಕ್ಕಪಕ್ಕದ ಮನೆಯ ಮಕ್ಕಳು ದೇವದಾಸ ಮತ್ತು ಪಾರ್ವತಿ. ಅವನು ಜಮೀನ್ದಾರರ ಮಗ. ಅವಳದು ಹೆಣ್ಣು ಕೊಡುವಾಗ ಹಣ ತೆಗೆದುಕೊಳ್ಳುವ ಮನೆತನ, ಅಂದರೆ ಜಮೀನ್ದಾರರ ಕಣ್ಣಲ್ಲಿ ಕೀಳು. ಮದುವೆಯ ಮಾತು ಮುರಿದಾಗ ಪಾರ್ವತಿ ಮಧ್ಯರಾತ್ರಿ ಒಬ್ಬಳೇ ದೇವದಾಸನ ಕೋಣೆಗೆ ಬರುತ್ತಾಳೆ. ಆ ಕಾಲದ ಹುಡುಗಿಗೆ ಅದು ಎಂಥ ಧೈರ್ಯ! ಅವನಿಗೆ ಮಾತ್ರ ಯಾರಾದರೂ ನೋಡಿದರೋ ಏನೋ ಎಂಬ ಚಿಂತೆ. ಆಮೇಲೆ ಕಲ್ಕತ್ತಕ್ಕೆ ಹೋಗಿ, ನಿನ್ನ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ ಎಂಬರ್ಥದ ಕಾಗದ ಬರೆಯುತ್ತಾನೆ. ಪಶ್ಚಾತ್ತಾಪಪಟ್ಟು ವಾಪಸ್ ಬರುವ ಹೊತ್ತಿಗೆ ಅವಳ ಮದುವೆ ಬೇರೆ ಕಡೆ ನಿಶ್ಚಯವಾಗಿರುತ್ತದೆ. ಆಗ ಅವಳು ತಲೆ ಬಾಗಿಸದೆ ಮಾತಾಡುತ್ತಾಳೆ. ಅವನು ಕೈಯಲ್ಲಿದ್ದ ಮೀನು ಹಿಡಿಯುವ ಗಾಳದ ಕೋಲಿನಿಂದ ಅವಳ ಹಣೆಗೆ ಹೊಡೆಯುತ್ತಾನೆ. ರಕ್ತ ಬರುತ್ತದೆ, ಗಾಯದ ಗುರುತು ಉಳಿಯುತ್ತದೆ.

ಅಂದರೆ ಪುಸ್ತಕದಲ್ಲಿ ವಿಲನ್ ಅಂತ ಯಾರೂ ಇಲ್ಲ. ಅಪ್ಪ ಬೇಡ ಅಂದದ್ದು ನಿಜ. ಆದರೆ ಬಾಗಿಲಿಗೆ ಬಂದ ಹುಡುಗಿಯ ಕೈ ಹಿಡಿಯಲಾಗದೆ ಹೋದವನು ದೇವದಾಸನೇ. ಲೇಖಕರು ಅವನಿಗಾಗಿ ಮರುಗುತ್ತಾರೆ, ಆದರೆ ಅವನ ತಪ್ಪನ್ನು ಮುಚ್ಚಿಡುವುದಿಲ್ಲ.

ಈಗ ಸಿನಿಮಾಗಳಿಗೆ ಬರೋಣ. 1935ರಲ್ಲಿ ಕಲ್ಕತ್ತದ ನ್ಯೂ ಥಿಯೇಟರ್ಸ್‌ಗಾಗಿ ಪಿ.ಸಿ. ಬರುವಾ ಇದನ್ನು ಬಂಗಾಳಿಯಲ್ಲಿ ತೆಗೆದರು, ದೇವದಾಸನಾಗಿ ತಾವೇ ನಟಿಸಿದರು. ಅದರ ಬೆನ್ನಿಗೇ ಬಂದ ಹಿಂದಿ ಚಿತ್ರದಲ್ಲಿ ಕೆ.ಎಲ್. ಸೈಗಲ್. ಕಾದಂಬರಿಯಲ್ಲಿ ದೇವದಾಸ ಪಾರ್ವತಿಯ ಗಂಡನ ಮನೆಯ ಮುಂದೆ ಸಾಯುತ್ತಾನೆ, ಸತ್ತವನು ಯಾರೆಂಬುದು ಅವಳಿಗೆ ತಿಳಿಯುವುದು ಎಲ್ಲ ಮುಗಿದ ಮೇಲೆ. ಬರುವಾ ಇಲ್ಲಿ ಒಂದು ಬಾಗಿಲು ತಂದರು. ಪಾರ್ವತಿ ಓಡಿ ಬರುತ್ತಾಳೆ, ಅವಳು ದಾಟುವ ಮೊದಲೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಅವಳು ಒಂದು ಮನೆಯೊಳಗಿನ ಕೈದಿ ಅನ್ನುವುದನ್ನು ಆ ಬಾಗಿಲೇ ಹೇಳುತ್ತದೆ. ಪುಸ್ತಕದಲ್ಲಿಲ್ಲದ್ದು ಪುಸ್ತಕದ ಮಾತನ್ನೇ ಹೇಳಿತು. ಒಳ್ಳೆಯ ಬದಲಾವಣೆ ಅಂದರೆ ಇದು.

ಹಿಂದಿ ದೇವದಾಸನಿಗೆ ಕ್ಯಾಮೆರಾ ಹಿಡಿದಿದ್ದ ಬಿಮಲ್ ರಾಯ್ ಇಪ್ಪತ್ತು ವರ್ಷಗಳ ನಂತರ, 1955ರಲ್ಲಿ, ತಾವೇ ನಿರ್ದೇಶಕರಾಗಿ ಅದೇ ಕಥೆಗೆ ಮರಳಿದರು. ದೇವದಾಸ ದಿಲೀಪ್ ಕುಮಾರ್, ಅಂದರೆ ಯೂಸುಫ್ ಖಾನ್. ಹಾಡು ಸಾಹಿರ್ ಲುಧಿಯಾನ್ವಿ ಅವರದು, ಸಂಭಾಷಣೆ ರಾಜಿಂದರ್ ಸಿಂಗ್ ಬೇದಿ ಅವರದು. ಬಂಗಾಳದ ಕಥೆ ಉರ್ದು ಸಾಹಿತಿಗಳ ಕೈಯಲ್ಲಿ ಹಿಂದೂಸ್ತಾನಿ ಮಾತಾಡಿತು. ಈ ಚಿತ್ರದ ಒಂದು ದೃಶ್ಯವನ್ನು ದಯವಿಟ್ಟು ಗಮನವಿಟ್ಟು ನೋಡಿ. ಪಾರ್ವತಿ (ಸುಚಿತ್ರಾ ಸೇನ್) ಪಲ್ಲಕ್ಕಿಯಲ್ಲಿ ಹೋಗುತ್ತಿದ್ದಾಳೆ, ಚಂದ್ರಮುಖಿ (ವೈಜಯಂತಿಮಾಲಾ) ಅದೇ ದಾರಿಯಲ್ಲಿ ನಡೆದು ಬರುತ್ತಿದ್ದಾಳೆ. ಇಬ್ಬರ ಕಣ್ಣು ಕೂಡುತ್ತವೆ, ಅಷ್ಟೇ. ಒಂದು ಮಾತೂ ಇಲ್ಲ. ಪುಸ್ತಕದಲ್ಲಿ ಈ ಇಬ್ಬರು ಹೆಂಗಸರು ಭೇಟಿಯಾಗುವುದೇ ಇಲ್ಲ. ಕುಲವಧುವೂ ಕೋಠಿಯ ಹೆಣ್ಣೂ ಒಂದೇ ದಾರಿಯಲ್ಲಿದ್ದರೂ ನಡುವೆ ಸಮಾಜ ಹಾಕಿದ ಪರದೆ ಎಷ್ಟು ದಪ್ಪ ಅನ್ನುವುದು ಆ ಮೌನದಲ್ಲಿ ಗೊತ್ತಾಗುತ್ತದೆ. ವೈಜಯಂತಿಮಾಲಾ ಅವರಿಗೆ ಈ ಪಾತ್ರಕ್ಕೆ ಪೋಷಕ ನಟಿ ಅಂತ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ತನ್ನ ಪಾತ್ರ ಪಾರ್ವತಿಯಷ್ಟೇ ಮುಖ್ಯವಾದದ್ದು ಎಂದು ಅವರು ಅದನ್ನು ನಿರಾಕರಿಸಿದರು. ಅವರು ಹೇಳಿದ್ದು ಸರಿ ಅಲ್ವಾ?

2002ರಲ್ಲಿ ಸಂಜಯ್ ಲೀಲಾ ಭನ್ಸಾಲಿ ಇದೇ ಇಬ್ಬರನ್ನು ದುರ್ಗಾಪೂಜೆಯಲ್ಲಿ ಒಟ್ಟಿಗೆ ಕುಣಿಸಿದರು. ಐಶ್ವರ್ಯಾ ರೈ, ಮಾಧುರಿ ದೀಕ್ಷಿತ್ ಕುಣಿತ ಕಣ್ಣಿಗೆ ಹಬ್ಬವೇ. ಆದರೆ ಬಿಮಲ್ ರಾಯ್ ಕಣ್ಣೋಟದಲ್ಲೇ ತೋರಿಸಿದ ಪರದೆ ಇಲ್ಲಿ ಒಂದು ಹಾಡಿನ ಮಟ್ಟಿಗೆ ಸುಲಭವಾಗಿ ಸರಿದುಬಿಡುತ್ತದೆ. ಇನ್ನೂ ದೊಡ್ಡ ಬದಲಾವಣೆ ಬೇರೆ ಇದೆ. ದೇವದಾಸ ಕಲ್ಕತ್ತದ ಬದಲು ಲಂಡನ್ನಿನಿಂದ ಬರುತ್ತಾನೆ. ಮನೆಯಲ್ಲಿ ಕಿವಿ ಊದುವ ಅತ್ತಿಗೆ ಇದ್ದಾಳೆ, ಪಾರೋಳ ತಾಯಿಗೆ ತುಂಬಿದ ಸಭೆಯಲ್ಲಿ ಅವಮಾನವಾಗುತ್ತದೆ. ತಪ್ಪೆಲ್ಲ ಸುತ್ತಲಿನವರ ಮೇಲೆ ಹಂಚಿಹೋಗಿ ದೇವದಾಸನ ಪಾಲಿಗೆ ಉಳಿಯುವುದು ಬರೀ ದುಃಖ. ಹಣೆಯ ಪೆಟ್ಟೂ ಹಾಗೆಯೇ. ಇಲ್ಲಿ ಅವನು ಮದುವೆಯ ದಿನ ಹಾರದಿಂದ ಹೊಡೆಯುತ್ತಾನೆ, ಗಾಯ ಕೂಡ ಪ್ರೀತಿಯ ಕಾಣಿಕೆಯಂತೆ ಹೊಳೆಯುತ್ತದೆ.

2009ರ ‘ದೇವ್ ಡಿ’ಯಲ್ಲಿ ಅನುರಾಗ್ ಕಶ್ಯಪ್ ಕಥೆಯನ್ನು ಪಂಜಾಬಿಗೆ, ದೆಹಲಿಗೆ ತಂದರು. ಮನೆಯಲ್ಲಿ ಮಕ್ಕಳ ಜೊತೆ ಕೂತು ನೋಡುವ ಚಿತ್ರ ಇದಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಒಂದು ವಿಷಯದಲ್ಲಿ ಇದು ಭನ್ಸಾಲಿಯವರ ಚಿತ್ರಕ್ಕಿಂತ ಕಾದಂಬರಿಗೆ ಹತ್ತಿರ. ಇಲ್ಲಿ ದೇವ್ ಪಾರೋಳ ಬಗ್ಗೆ ಯಾರೋ ಆಡಿದ ಚಾಡಿ ಮಾತನ್ನು ನಂಬಿ ಅವಳನ್ನು ಕಳೆದುಕೊಳ್ಳುತ್ತಾನೆ. ತಪ್ಪು ಪೂರ್ತಿ ಅವನದೇ, ಚಿತ್ರ ಅದನ್ನು ಹೇಳುವುದಕ್ಕೆ ಹಿಂಜರಿಯುವುದಿಲ್ಲ. ಪಾರೋ ಅವನಿಗಾಗಿ ಕೊರಗುತ್ತಾ ಕೂರುವುದಿಲ್ಲ. ಅವನೂ ಕೊನೆಗೆ ಸಾಯುವುದಿಲ್ಲ, ಬದುಕಲು ಕಲಿಯುತ್ತಾನೆ.

ಇದನ್ನೆಲ್ಲ ಯಾಕೆ ಇಷ್ಟು ವಿವರವಾಗಿ ಹೇಳುತ್ತಿದ್ದೇನೆ ಅಂದರೆ, ಈ ಕಥೆ ಸಿನಿಮಾ ಹಾಲ್‌ನಲ್ಲೇ ಉಳಿಯುವುದಿಲ್ಲ. ಪ್ರೀತಿ ಕೈತಪ್ಪಿದ ಹುಡುಗನಿಗೆ ಹೇಗೆ ಅಳಬೇಕು, ಹೇಗೆ ಕುಡಿಯಬೇಕು ಅಂತ ಅದು ಪಾಠ ಹೇಳುತ್ತದೆ. ಕೈ ಎತ್ತಿದರೂ ಪ್ರೀತಿಯೇ ಅಂತ ಹುಡುಗಿಗೆ ನಂಬಿಸುತ್ತದೆ. ಆದ್ದರಿಂದ ಯಾವ ದೇವದಾಸನನ್ನು ನೋಡಿದೆವು ಅನ್ನುವುದು ಸಣ್ಣ ವಿಷಯವಲ್ಲ.

ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ಮೊದಲು ಕಾದಂಬರಿ ಓದಿ, ಒಂದೆರಡು ದಿನದಲ್ಲಿ ಮುಗಿಯುತ್ತದೆ. ಆಮೇಲೆ ಮೂರು ಜಾಗಗಳನ್ನು ಮಾತ್ರ ಹೋಲಿಸಿ: ಪಾರ್ವತಿ ರಾತ್ರಿ ಬಂದದ್ದು, ಹಣೆಗೆ ಪೆಟ್ಟು ಬಿದ್ದದ್ದು, ಕೊನೆಯ ಬಾಗಿಲು. ಪ್ರತಿ ಸಲವೂ ಕ್ಯಾಮೆರಾ ಯಾರ ಮುಖದ ಮೇಲೆ ನಿಂತಿದೆ ಅಂತ ಬರೆದಿಟ್ಟುಕೊಳ್ಳಿ. ಪೆಟ್ಟು ಬಿದ್ದಾಗ ಹೊಡೆದವನ ಕಣ್ಣೀರೇ ದೊಡ್ಡದಾಗಿ ಕಂಡರೆ, ಸ್ವಲ್ಪ ಹೊತ್ತು ಸಿನಿಮಾ ನಿಲ್ಲಿಸಿ ಅವಳ ಹಣೆಯನ್ನು ನೋಡಿ.