ತಂತ್ರಾಂಶದ ಹೊಟ್ಟೆಯೊಳಗೇ ಕೈಪಿಡಿ: ‘ಕರ್ಲ್’ ಹಿಡಿದ ಹಾದಿ

ಮಿಕ್ಸಿ ಕೊಂಡರೆ ಪೆಟ್ಟಿಗೆಯೊಳಗೆ ಒಂದು ಪುಸ್ತಿಕೆ ಬರುತ್ತದೆ. ಅದರ ಅಗತ್ಯ ಬೀಳುವುದು ಯಂತ್ರ ಮುಷ್ಕರ ಹೂಡಿದ ದಿನ. ಅಷ್ಟರಲ್ಲಿ ಪುಸ್ತಿಕೆ ಅಟ್ಟ ಸೇರಿರುತ್ತದೆ, ಇಲ್ಲವೇ ರದ್ದಿಗೆ ಹೋಗಿರುತ್ತದೆ. ಗಣಕಯಂತ್ರದ ತಂತ್ರಾಂಶಗಳ ಕೈಪಿಡಿಗೂ ಬಹುಮಟ್ಟಿಗೆ ಇದೇ ಗತಿ. ಅದರಲ್ಲಿಯೂ ಕಪ್ಪು ಪರದೆಯ ಮೇಲೆ ಆದೇಶಗಳನ್ನು ಬೆರಳಚ್ಚಿಸಿ ನಡೆಸಬೇಕಾದ ‘ಕಮಾಂಡ್ ಲೈನ್’ ತಂತ್ರಾಂಶಗಳಲ್ಲಿ ಒತ್ತಲು ಗುಂಡಿಗಳಿಲ್ಲ, ನೋಡಿ ಊಹಿಸಲು ಚಿತ್ರಗಳಿಲ್ಲ. ಕೈಪಿಡಿ ಕೈಗೆ ಸಿಗದಿದ್ದರೆ ಬಳಕೆದಾರನಿಗೆ ಉಳಿಯುವುದು ಊಹೆಯೊಂದೇ.

ಹಾಗಾದರೆ ಕೈಪಿಡಿಯನ್ನು ತಂತ್ರಾಂಶದ ಒಳಗೇ ಹುದುಗಿಸಿಬಿಟ್ಟರೆ ಹೇಗೆ? ಕೇಳಲು ಸರಳವೆನಿಸುವ ಈ ಉಪಾಯವನ್ನು ಹಲವು ಬಗೆಯ ಗಣಕಗಳಲ್ಲಿ ಓಡುವ ತಂತ್ರಾಂಶವೊಂದರಲ್ಲಿ ಜಾರಿಗೆ ತರುವುದು ಅಷ್ಟು ಸರಳವಲ್ಲ. ಇದನ್ನು ಅರ್ಥಮಾಡಿಕೊಳ್ಳಲು ‘ಕರ್ಲ್’ ಒಳ್ಳೆಯ ನಿದರ್ಶನ.

ಏನಿದು ಕರ್ಲ್?

ಅಂತರ್ಜಾಲದ ವಿಳಾಸವೊಂದನ್ನು ಕೊಟ್ಟರೆ ಅಲ್ಲಿಂದ ಮಾಹಿತಿಯನ್ನು ತರುವ ಅಥವಾ ಅಲ್ಲಿಗೆ ಮಾಹಿತಿಯನ್ನು ಕಳುಹಿಸುವ ಸಾಧನವೇ ಕರ್ಲ್. ಬ್ರೆಜಿಲ್‌ನ ರಾಫೆಲ್ ಸಗುಲಾ ಬರೆದಿದ್ದ ‘ಎಚ್‌ಟಿಟಿಪಿಗೆಟ್’ ಎಂಬ ಪುಟ್ಟ ತಂತ್ರಾಂಶವನ್ನು ಸ್ವೀಡನ್‌ನ ಡೇನಿಯಲ್ ಸ್ಟೆನ್‌ಬರ್ಗ್ ಕೈಗೆತ್ತಿಕೊಂಡು ಬೆಳೆಸಿದರು. 1998ರ ಮಾರ್ಚ್ 20ರಂದು ಅದು ಕರ್ಲ್ ಎಂಬ ಹೆಸರಿನಲ್ಲಿ ಹೊರಬಂದಿತು. ಇಂದು ಲಿನಕ್ಸ್ ಮತ್ತು ಮ್ಯಾಕ್ ಗಣಕಗಳಲ್ಲಿ ಅದು ಮನೆಮಾತು. 2018ರಿಂದ ವಿಂಡೋಸ್ 10ರ ಜೊತೆಗೂ ಬರುತ್ತಿದೆ. ಅದರ ನಡವಳಿಕೆಯನ್ನು ಬದಲಿಸಬಲ್ಲ ಆಯ್ಕೆಗಳ ಸಂಖ್ಯೆ 250ನ್ನು ದಾಟಿದೆ. ಇಷ್ಟನ್ನೂ ಬಾಯಿಪಾಠ ಮಾಡುವುದು ಯಾರಿಂದಲೂ ಆಗದ ಮಾತು.

‘ಮ್ಯಾನ್’ ಇದ್ದರೂ ಕೊರತೆ

ಯುನಿಕ್ಸ್ ಪರಂಪರೆಯ ಗಣಕಗಳಲ್ಲಿ ಕೈಪಿಡಿ ತೋರಿಸಲೆಂದೇ ‘ಮ್ಯಾನ್’ ಎಂಬ ಪ್ರತ್ಯೇಕ ಆದೇಶವಿದೆ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಸಿದ್ಧಪಡಿಸಿದ ಯುನಿಕ್ಸ್‌ನ ಮೊದಲ ಕೈಪಿಡಿಯ ಮೇಲಿರುವ ದಿನಾಂಕ 1971ರ ನವೆಂಬರ್ 3. ಅಂದಿನಿಂದ ಇಂದಿನವರೆಗೂ ಆ ಸಂಪ್ರದಾಯ ಗಟ್ಟಿಯಾಗಿ ನಿಂತಿದೆ.

ಆದರೆ ಈ ಏರ್ಪಾಟಿಗೆ ಮೂರು ಅಂಗಗಳು ಬೇಕು: ತಂತ್ರಾಂಶ, ಅದರ ಕೈಪಿಡಿಯ ಕಡತ, ಆ ಕಡತವನ್ನು ಓದಿ ಪರದೆಗೆ ತಕ್ಕಂತೆ ಹೊಂದಿಸುವ ಇನ್ನೊಂದು ತಂತ್ರಾಂಶ. ಮೂರರಲ್ಲಿ ಒಂದು ತಪ್ಪಿದರೂ ಕೈಪಿಡಿ ಕಾಣಿಸದು. ವಿಂಡೋಸ್‌ನಲ್ಲಿ ‘ಮ್ಯಾನ್’ ಆದೇಶವೇ ಇಲ್ಲ. ಲಿನಕ್ಸ್‌ನಲ್ಲಿಯೂ ಪರಿಸ್ಥಿತಿ ಬದಲಾಗಿದೆ. ಸರ್ವರ್‌ಗಳಲ್ಲಿ ಬಳಸುವ ‘ಕಂಟೇನರ್’ಗಳ ಗಾತ್ರ ತಗ್ಗಿಸಲು ಮೊದಲು ಕಿತ್ತುಹಾಕುವುದೇ ಕೈಪಿಡಿಗಳನ್ನು. ಡೆಬಿಯನ್‌ನ ‘ಸ್ಲಿಮ್’ ಆವೃತ್ತಿಯಲ್ಲಿ ಅವು ಇರುವುದಿಲ್ಲ. ಆಲ್ಪೈನ್‌ನಲ್ಲಿ ಬೇರೆಯಾಗಿ ತರಿಸಿಕೊಳ್ಳಬೇಕು.

ಅಂತರ್ಜಾಲದಲ್ಲಿ ನೋಡಿದರಾಯಿತಲ್ಲ ಎನ್ನಬಹುದು. ಭದ್ರತೆಯ ಕಾರಣಕ್ಕೆ ಹೊರ ಜಗತ್ತಿನ ಸಂಪರ್ಕ ಕಡಿದ ಸರ್ವರ್ ಕೋಣೆಯಲ್ಲಿ ಆ ಮಾತು ನಡೆಯದು. ಸಂಪರ್ಕ ಇದ್ದರೂ ಇನ್ನೊಂದು ತೊಡಕಿದೆ. ಜಾಲತಾಣದ ಕೈಪಿಡಿ ಸಾಮಾನ್ಯವಾಗಿ ಇತ್ತೀಚಿನ ಆವೃತ್ತಿಯದು. ಕಚೇರಿಯ ಸರ್ವರ್‌ನಲ್ಲಿರುವುದು ಐದು ವರ್ಷ ಹಳೆಯದಾಗಿರಬಹುದು. ಅಲ್ಲಿ ಓದಿದ ಆಯ್ಕೆ ಇಲ್ಲಿ ಇಲ್ಲದೆಯೇ ಹೋಗಬಹುದು.

ತಪ್ಪು ಸಂಖ್ಯೆ 60

ಕೈಪಿಡಿ ಹತ್ತಿರವಿರುವುದು ಬರೀ ಅನುಕೂಲದ ಮಾತಲ್ಲ. ರಾತ್ರಿ ಪಾಳಿಯಲ್ಲಿ ಕಡತಗಳನ್ನು ರವಾನಿಸುವ ಕೆಲಸವೊಂದು ಕೈಕೊಟ್ಟು, ಕರ್ಲ್ ‘60’ ಎಂಬ ತಪ್ಪು ಸಂಖ್ಯೆಯನ್ನು ತೋರಿಸಿತೆಂದು ಭಾವಿಸಿ. ಅವಸರದಲ್ಲಿ ಯಾರನ್ನಾದರೂ ಕೇಳಿದರೆ ಬಹುಬೇಗ ಸಿಗುವ ಉತ್ತರ, ‘-ಕೆ ಸೇರಿಸಿ, ಸರಿಹೋಗುತ್ತದೆ’ ಎಂಬುದು. ಸೇರಿಸಿದರೆ ತಪ್ಪು ಸಂಖ್ಯೆ ಮಾಯವಾಗುತ್ತದೆ, ಕೆಲಸವೂ ಸಾಗುತ್ತದೆ.

ಆದರೆ ‘-ಕೆ’ಯ ಪೂರ್ಣ ಹೆಸರು ‘--ಇನ್‌ಸೆಕ್ಯೂರ್’, ಅಂದರೆ ಅಸುರಕ್ಷಿತ. ಅತ್ತ ಕಡೆಯಿರುವ ಸರ್ವರ್ ತಾನು ಹೇಳಿಕೊಂಡ ಸರ್ವರ್ ಹೌದೇ ಎಂದು ಅದರ ಪ್ರಮಾಣಪತ್ರದ ಮೂಲಕ ಪರಿಶೀಲಿಸುವ ಕ್ರಮವನ್ನೇ ಅದು ಕೈಬಿಡುತ್ತದೆ. ನಡುವೆ ನುಸುಳಿದ ವಂಚಕನೊಬ್ಬ ಸರ್ವರ್‌ನ ಸೋಗು ಹಾಕಿದರೆ ಗುಪ್ತಪದಗಳು ನೇರ ಅವನ ಕೈಸೇರುತ್ತವೆ. ಕರ್ಲ್‌ನ ಕೈಪಿಡಿಯಲ್ಲಿ ಈ ಎಚ್ಚರಿಕೆ ಸ್ಪಷ್ಟವಾಗಿದೆ. 60 ಎಂದರೆ ಪ್ರಮಾಣಪತ್ರವನ್ನು ದೃಢೀಕರಿಸಲಾಗಲಿಲ್ಲ ಎಂದರ್ಥ ಎಂಬುದೂ ಅಲ್ಲೇ ಇದೆ. ಸಂಸ್ಥೆ ತನ್ನದೇ ಪ್ರಮಾಣಪತ್ರ ಬಳಸುತ್ತಿದ್ದರೆ ನಂಬಿಕಸ್ಥ ಪ್ರಾಧಿಕಾರದ ಕಡತವನ್ನು ‘--ಸಿಎಸರ್ಟ್’ ಆಯ್ಕೆಯ ಮೂಲಕ ಒದಗಿಸಬೇಕೆಂಬ ಸರಿದಾರಿಯೂ ಅಲ್ಲಿಯೇ ಸಿಗುತ್ತದೆ. ಆ ಪುಟ ಆ ಗಳಿಗೆಯಲ್ಲಿ, ಅದೇ ಪರದೆಯ ಮೇಲೆ ಸಿಕ್ಕರೆ ಓದಿಯಾರು. ಹುಡುಕಿಕೊಂಡು ಹೋಗಬೇಕಾದರೆ ‘-ಕೆ’ ಸೇರಿಸಿ ಮಲಗಿಯಾರು.

ಹುದುಗಿಸುವುದು ಹೇಗೆ?

ಕರ್ಲ್‌ಗೆ ‘--ಮ್ಯಾನ್ಯುಯಲ್’ ಎಂಬ ಆಯ್ಕೆ ಕೊಟ್ಟರೆ ಸಾವಿರಾರು ಸಾಲುಗಳ ಇಡೀ ಕೈಪಿಡಿ ಪರದೆಯ ಮೇಲೆ ಹರಿದುಬರುತ್ತದೆ. ಆ ಪಠ್ಯ ಬೇರೆ ಕಡತದಲ್ಲಿಲ್ಲ, ತಂತ್ರಾಂಶದ ಒಳಗೇ ಇದೆ. ಅದು ಅಲ್ಲಿಗೆ ತಲುಪುವ ಬಗೆಯನ್ನು ಹಂತಹಂತವಾಗಿ ನೋಡೋಣ.

ಮೊದಲನೆಯದು ಮೂಲ ಪಠ್ಯ. ಪ್ರತಿಯೊಂದು ಆಯ್ಕೆಯ ವಿವರಣೆಯನ್ನೂ ಒಂದೊಂದು ಪ್ರತ್ಯೇಕ ಕಡತದಲ್ಲಿ ಬರೆಯಲಾಗುತ್ತದೆ. ಅವನ್ನೆಲ್ಲ ಪರ್ಲ್ ಭಾಷೆಯ ಪುಟ್ಟ ಕಾರ್ಯಕ್ರಮವೊಂದು ಜೋಡಿಸಿ, ‘ಮ್ಯಾನ್’ ಆದೇಶಕ್ಕೆ ಬೇಕಾದ ಪುಟವನ್ನೂ ಒಳಗೆ ಹುದುಗಿಸಬೇಕಾದ ಸಾದಾ ಪಠ್ಯವನ್ನೂ ಸಿದ್ಧಪಡಿಸುತ್ತದೆ. ಎರಡಕ್ಕೂ ಮೂಲ ಒಂದೇ ಆದುದರಿಂದ ಅಲ್ಲೊಂದು ಇಲ್ಲೊಂದು ಹೇಳುವ ಭಯವಿಲ್ಲ. ಹಿಂದೆ ಸಾದಾ ಪಠ್ಯವನ್ನು ಪಡೆಯಲು ಯುನಿಕ್ಸ್‌ನ ‘ಎನ್‌ರಾಫ್’ ಬೇಕಾಗಿತ್ತು. ವಿಂಡೋಸ್‌ನಲ್ಲಿ ಕರ್ಲ್ ಕಟ್ಟುವವರಿಗೆ ಅದು ತಲೆನೋವೇ. 2024ರಲ್ಲಿ ಆ ಅವಲಂಬನೆಯನ್ನು ಕಳಚಲಾಯಿತು.

ಎರಡನೆಯದು ಪಠ್ಯವನ್ನು ಸಿ ಭಾಷೆಯ ಕಡತವನ್ನಾಗಿ ಪರಿವರ್ತಿಸುವುದು. ಇಡೀ ಕೈಪಿಡಿಯನ್ನು ಉದ್ಧರಣ ಚಿಹ್ನೆಗಳ ನಡುವೆ ತುರುಕಿದರಾಯಿತಲ್ಲ ಎಂದು ಹೊಸಬರು ಭಾವಿಸುವುದುಂಟು. ಇಲ್ಲಿಯೇ ಹಲವು ಗಣಕಗಳ ಸಮಸ್ಯೆ ತಲೆದೋರುತ್ತದೆ. ಸಿ ಭಾಷೆಯ 1989ರ ಮಾನದಂಡದ ಪ್ರಕಾರ, ಒಂದೇ ಪಠ್ಯತುಂಡಿನಲ್ಲಿ 509 ಅಕ್ಷರಗಳನ್ನು ಸ್ವೀಕರಿಸಿದರೆ ಸಾಕು, ಕಂಪೈಲರ್ ತನ್ನ ಕರ್ತವ್ಯ ಮುಗಿಸಿದಂತೆ. 1999ರ ಮಾನದಂಡ ಈ ಮಿತಿಯನ್ನು 4,095ಕ್ಕೆ ಏರಿಸಿತು. ಲಿನಕ್ಸ್‌ನ ಜಿಸಿಸಿ ಕಂಪೈಲರ್ ಇದಕ್ಕಿಂತ ಎಷ್ಟೋ ಉದಾರಿ. ಮೈಕ್ರೋಸಾಫ್ಟ್‌ನ ಕಂಪೈಲರ್‌ನ ಹಳೆಯ ಆವೃತ್ತಿಗಳು ಒಂದು ತುಂಡಿಗೆ 16 ಸಾವಿರ ಚಿಲ್ಲರೆ ಅಕ್ಷರ ದಾಟಿದರೆ ತಪ್ಪೆಂದು ನಿಲ್ಲಿಸಿಬಿಡುತ್ತಿದ್ದವು. ಆದುದರಿಂದ ಪಠ್ಯವನ್ನು ಕತ್ತರಿಸಿ ಸಣ್ಣ ಸಣ್ಣ ತುಂಡುಗಳಾಗಿಯೇ ಕೊಡಬೇಕು.

ಮೂರನೆಯದು ಗಾತ್ರ. ಕೈಪಿಡಿಯನ್ನು ಹಾಗೆಯೇ ಸೇರಿಸಿದರೆ ತಂತ್ರಾಂಶ ಊದಿಕೊಳ್ಳುತ್ತದೆ. ಪಠ್ಯವನ್ನು ಕುಗ್ಗಿಸುವ ‘ಜೀಲಿಬ್’ ಎಂಬ ಸಂಗ್ರಹ ಲಭ್ಯವಿದ್ದಲ್ಲಿ ಕೈಪಿಡಿಯನ್ನು ಕುಗ್ಗಿಸಿ ಇಡಲಾಗುತ್ತದೆ. ಬಳಕೆದಾರ ಕೇಳಿದಾಗ ಬಿಚ್ಚಿ ತೋರಿಸಲಾಗುತ್ತದೆ. ಪುಟ್ಟ ಸಾಧನಗಳಿಗಾಗಿ ಕರ್ಲ್ ಕಟ್ಟುವವರು ಕೈಪಿಡಿಯನ್ನು ಪೂರ್ಣವಾಗಿ ಕೈಬಿಡುವ ಸೌಲಭ್ಯವೂ ಇದೆ. ಅಂಥ ಪ್ರತಿಯಲ್ಲಿ ಕೈಪಿಡಿ ಕೇಳಿದರೆ, ಕಟ್ಟುವಾಗಲೇ ಅದನ್ನು ತೆಗೆದುಹಾಕಲಾಗಿದೆ ಎಂಬ ಉತ್ತರ ಬರುತ್ತದೆ. ಮೌನಕ್ಕಿಂತ ಇದು ಲೇಸು.

ಬೇಕಾದಷ್ಟು ಮಾತ್ರ

ಸಾವಿರಾರು ಸಾಲುಗಳು ಒಮ್ಮೆಲೇ ಹರಿದುಬಂದರೆ ಓದುವುದು ಹೇಗೆ? ಕರ್ಲ್ ಸ್ವತಃ ಪುಟ ನಿಲ್ಲಿಸಿ ತೋರಿಸುವುದಿಲ್ಲ. ಆ ಕೆಲಸವನ್ನು ವಿಂಡೋಸ್‌ನ ‘ಮೋರ್’ ಅಥವಾ ಲಿನಕ್ಸ್‌ನ ‘ಲೆಸ್’ಗೆ ಒಪ್ಪಿಸಬೇಕು. ನೆರವಿನ ಪಟ್ಟಿಯೂ ಉದ್ದವಾದಾಗ 2020ರಲ್ಲಿ ಅದನ್ನು ವಿಷಯವಾರು ವಿಂಗಡಿಸಲಾಯಿತು. ಬರೀ ‘--ಹೆಲ್ಪ್’ ಎಂದರೆ ಮುಖ್ಯವಾದ ಕೆಲವೇ ಆಯ್ಕೆಗಳು ಕಾಣಿಸುತ್ತವೆ.

ನಿಜವಾದ ಅನುಕೂಲ ಒದಗಿದ್ದು 2024ರ ಸೆಪ್ಟೆಂಬರ್‌ನಲ್ಲಿ ಬಂದ 8.10.0 ಆವೃತ್ತಿಯಲ್ಲಿ. ‘--ಹೆಲ್ಪ್’ ಮುಂದೆ ‘-ಕೆ’ ಎಂದು ಬರೆದರೆ ಕೈಪಿಡಿಯಲ್ಲಿ ಆ ಆಯ್ಕೆಗೆ ಸಂಬಂಧಿಸಿದ ಭಾಗ ಮಾತ್ರ ಪರದೆಗೆ ಬರುತ್ತದೆ. ಇದಕ್ಕಾಗಿ ಹೊಸ ಪಠ್ಯವನ್ನೇನೂ ಬರೆಯಲಿಲ್ಲ. ಒಳಗಿರುವ ಕೈಪಿಡಿಯಲ್ಲಿಯೇ ಆ ಆಯ್ಕೆಯ ಶೀರ್ಷಿಕೆಯನ್ನು ಹುಡುಕಿ, ಮುಂದಿನ ಶೀರ್ಷಿಕೆಯವರೆಗಿನ ಸಾಲುಗಳನ್ನು ತೋರಿಸುವುದಷ್ಟೇ ಉಪಾಯ. ಮೊದಲೇ ಹುದುಗಿಸಿಟ್ಟ ಪಠ್ಯ ಹೀಗೆ ಹೊಸ ಸೌಲಭ್ಯಕ್ಕೆ ತಳಹದಿಯಾಯಿತು.

ಬೇರೆಯವರ ದಾರಿ

ಎಲ್ಲರೂ ಈ ದಾರಿ ಹಿಡಿದಿಲ್ಲ. ‘ಗಿಟ್’ ತಂತ್ರಾಂಶ ಲಿನಕ್ಸ್‌ನಲ್ಲಿ ‘ಮ್ಯಾನ್’ ಆದೇಶವನ್ನು ಕರೆಯುತ್ತದೆ. ವಿಂಡೋಸ್‌ನಲ್ಲಿ ತನ್ನೊಡನೆ ಬಂದ ಕೈಪಿಡಿಯ ಪುಟವನ್ನು ಬ್ರೌಸರ್‌ನಲ್ಲಿ ತೆರೆಯುತ್ತದೆ. ಓದಲು ಅದು ಚೆಂದ, ಬ್ರೌಸರ್ ಇಲ್ಲದ ಸರ್ವರ್‌ನಲ್ಲಿ ನಿರುಪಯೋಗಿ. ಮೈಕ್ರೋಸಾಫ್ಟ್‌ನ ‘ಪವರ್‌ಶೆಲ್’ 2012ರ ಮೂರನೇ ಆವೃತ್ತಿಯಿಂದ ಕೈಪಿಡಿಯನ್ನು ಬೇರ್ಪಡಿಸಿತು. ಬೇಕಾದವರು ‘ಅಪ್‌ಡೇಟ್-ಹೆಲ್ಪ್’ ಎಂಬ ಆದೇಶದಿಂದ ತರಿಸಿಕೊಳ್ಳಬೇಕು. ಇದರಿಂದ ಕೈಪಿಡಿಯ ತಪ್ಪುಗಳನ್ನು ಬೇಗ ತಿದ್ದಬಹುದು. ಆದರೆ ಸಂಪರ್ಕವಿಲ್ಲದ ಗಣಕಕ್ಕೆ ಬೇರೊಂದರಿಂದ ನಕಲು ಮಾಡಿ ಒಯ್ಯಬೇಕಾಗುತ್ತದೆ.

ಒಳಗೆ ಹುದುಗಿಸಿದ ಕೈಪಿಡಿಗೂ ದೋಷವಿದೆ. ಒಮ್ಮೆ ಕಟ್ಟಿದ ಮೇಲೆ ಅದರಲ್ಲಿನ ತಪ್ಪನ್ನು ತಿದ್ದಲು ಮುಂದಿನ ಆವೃತ್ತಿಯವರೆಗೆ ಕಾಯಬೇಕು. ಆದುದರಿಂದ ಎಲ್ಲ ಆಯ್ಕೆಗಳಿಗೂ ವಿವರಣೆ ಇದೆಯೇ ಎಂದು ಕರ್ಲ್ ತಂಡ ಸ್ವಯಂಚಾಲಿತ ಪರೀಕ್ಷೆಗಳ ಮೂಲಕ ಹೋಲಿಸಿ ನೋಡುತ್ತದೆ. ಹೊಸ ಆಯ್ಕೆ ಸೇರಿಸಿ ವಿವರಣೆ ಬರೆಯಲು ಮರೆತವರು ಅಲ್ಲಿಯೇ ಸಿಕ್ಕಿಬೀಳುತ್ತಾರೆ.

ಸ್ವಂತ ತಂತ್ರಾಂಶ ಬರೆಯುತ್ತಿರುವ ನಮ್ಮ ಯುವ ಎಂಜಿನಿಯರುಗಳು ಇದರಿಂದ ಕಲಿಯಬಹುದಾದುದು ಇಷ್ಟು: ಕೈಪಿಡಿಗೆ ಮೂಲ ಒಂದೇ ಇರಲಿ, ಅದನ್ನು ತೋರಿಸಲು ಬೇರೆ ತಂತ್ರಾಂಶದ ಹಂಗು ಬೇಡ, ಕೇಳಿದ ಆಯ್ಕೆಯ ವಿವರ ಮಾತ್ರ ತೋರಿಸುವ ವ್ಯವಸ್ಥೆಯಿರಲಿ. ಹೀಗೆ ಒಳಗೇ ಇರುವ ಕೈಪಿಡಿ, ಆ ಗಣಕದಲ್ಲಿರುವ ಆವೃತ್ತಿಗೆ ಸರಿಯಾಗಿ ಹೊಂದುತ್ತದೆ. ಆ ಖಾತರಿಯನ್ನು ಜಾಲತಾಣ ಕೊಡಲಾರದು.

ಓದುಗರು ತಮ್ಮ ಗಣಕದಲ್ಲಿಯೇ ಇದನ್ನು ಪರೀಕ್ಷಿಸಬಹುದು. ಮೊದಲು ‘--ವರ್ಷನ್’ ಆಯ್ಕೆಯಿಂದ ಕರ್ಲ್‌ನ ಆವೃತ್ತಿಯನ್ನು ತಿಳಿದುಕೊಳ್ಳಿ, ಬಳಿಕ ‘--ಮ್ಯಾನ್ಯುಯಲ್’ ಕೇಳಿ ನೋಡಿ. ವಿಂಡೋಸ್‌ನ ಹಳೆಯ ಪವರ್‌ಶೆಲ್‌ನಲ್ಲಿ ಕರ್ಲ್ ಎಂದಷ್ಟೇ ಬರೆದರೆ ಬೇರೊಂದು ಆದೇಶ ಓಡುತ್ತದೆ. ಆದುದರಿಂದ ಅಲ್ಲಿ ಹೆಸರಿನ ಮುಂದೆ ಚುಕ್ಕಿಯಿಟ್ಟು ‘ಇಎಕ್ಸ್‌ಇ’ ಸೇರಿಸಲು ಮರೆಯದಿರಿ.