ಕುಳಿತು ಆಡುವ ಕಥೆ: ದಾಳ, ಪೀಠಿಕೆ ಮತ್ತು ಲೋಥಲದ ಒಂದು ಮುದ್ರೆ

ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಮಧುಮೇಹ, ರಕ್ತದೊತ್ತಡ, ಮಂಡಿನೋವುಗಳನ್ನು ಕುರಿತು ತಜ್ಞ ವೈದ್ಯರು ಬರೆಯುವ ಲೇಖನಗಳಿಗೆ ಅಗ್ರಸ್ಥಾನವಿರುವುದು ಸರಿಯಾಗಿಯೇ ಇದೆ. ಅವುಗಳ ನಡುವೆ ಮಕ್ಕಳ ಆಟವೊಂದನ್ನು ಕುರಿತು, ಅದರಲ್ಲೂ ವಾಣಿಜ್ಯಶಾಸ್ತ್ರವನ್ನು ಓದಿ ಬ್ಯಾಂಕಿನ ಖಾತೆಪುಸ್ತಕಗಳ ನಡುವೆ ಆಯುಷ್ಯ ಸವೆಸುತ್ತಿರುವ ನನ್ನಂಥವನು ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೂ ವರ್ಗಾವಣೆಯ ನಿಮಿತ್ತ ಸುರತ, ವಡೋದರಾ, ಅಹಮದಾಬಾದು ಈ ಮೂರು ನಗರಗಳಲ್ಲಿ ಸಂಸಾರ ಹೂಡಿದ ನನಗೆ ಮೂರು ಕಡೆಯೂ ಒಂದೇ ದೃಶ್ಯ ಕಣ್ಣಿಗೆ ಬಿದ್ದಿದೆ. ತಾಯಿ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಮಕ್ಕಳು ಗುಜರಾತಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಉತ್ತರ ಕೊಟ್ಟು ಮೊಬೈಲು ಫೋನಿನ ಪರದೆಗೆ ಹಿಂದಿರುಗುತ್ತಾರೆ. ಕನ್ನಡ ಅವರಿಗೆ ಅರ್ಥವಾಗುತ್ತದೆ. ಆಡಬೇಕಾದ ಸಂದರ್ಭವೇ ಒದಗುವುದಿಲ್ಲ. 'ಊಟ ಆಯಿತೇ', 'ಪಾಠ ಓದಿದೆಯಾ' ಎಂಬ ಎರಡು ಪ್ರಶ್ನೆಗಳ ಮೇಲೆ ಒಂದು ಭಾಷೆ ಎಷ್ಟು ದಿನ ನಿಂತೀತು?

ಇಂಥ ಮನೆಗೆ ನನ್ನ ಮಗನು ವಡೋದರಾದ ಗೆಳೆಯರಿಂದ ಕಲಿತು ತಂದ ಆಟವೇ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಎಂಬಿಬ್ಬರು ರೂಪಿಸಿದ ಈ ಆಟವು 1974ರಲ್ಲಿ ಮೂರು ಸಣ್ಣ ಪುಸ್ತಿಕೆಗಳಾಗಿ ಪ್ರಕಟವಾಯಿತು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬನು ಸೂತ್ರಧಾರ, ಉಳಿದವರು ತಲಾ ಒಂದು ಪಾತ್ರ: ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಹೀಗೆ. ಸೂತ್ರಧಾರನು 'ನಿಮ್ಮ ಮುಂದೆ ಒಂದು ಗವಿಯ ಬಾಯಿ ಇದೆ, ಒಳಗಿನಿಂದ ಹೊಗೆ ಬರುತ್ತಿದೆ, ಏನು ಮಾಡುವಿರಿ?' ಎಂದು ಕೇಳುತ್ತಾನೆ. ಆಟಗಾರರು ತಮ್ಮ ಪಾತ್ರವು ಆಡುವ ಮಾತನ್ನೂ ಮಾಡುವ ಕೆಲಸವನ್ನೂ ಹೇಳುತ್ತಾರೆ. ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ದಾಳಗಳು ತೀರ್ಮಾನಿಸುತ್ತವೆ. ಗೆದ್ದವರು ಸೋತವರು ಎಂಬ ವಿಭಾಗವಿಲ್ಲ. ಕೊನೆಗೆ ಉಳಿಯುವುದು ಎಲ್ಲರೂ ಸೇರಿ ಕಟ್ಟಿದ ಒಂದು ಕಥೆ. 1980ರ ದಶಕದಲ್ಲಿ ಈ ಆಟದಿಂದ ಹುಡುಗರ ಬುದ್ಧಿ ಕೆಡುವುದು, ಆತ್ಮಹತ್ಯೆಗೆ ಪ್ರೇರಣೆಯಾಗುವುದು ಎಂದು ಆ ದೇಶದಲ್ಲಿ ದೊಡ್ಡ ಗುಲ್ಲೆದ್ದಿತ್ತು. ಅನಂತರ ನಡೆದ ಅಧ್ಯಯನಗಳಲ್ಲಿ ಅಂಥ ಸಂಬಂಧವೇನೂ ಕಂಡುಬರಲಿಲ್ಲ. ಆರೋಗ್ಯದ ದೃಷ್ಟಿಯಿಂದ ನಾನು ಹೇಳಬಹುದಾದುದು ಇಷ್ಟೇ: ಮೂರು ಗಂಟೆ ಒಂದೇ ಸಮನೆ ಕೂರಬಾರದು, ನಡುವೆ ಎದ್ದು ಅಡ್ಡಾಡಬೇಕು. ಅದು ಆಟಕ್ಕಿಂತ ಬ್ಯಾಂಕಿಗೆ ಹೆಚ್ಚು ಅನ್ವಯಿಸುವ ಮಾತು.

ಕಳೆದ ದೀಪಾವಳಿಯ ರಜೆಯಲ್ಲಿ ನೆರೆಯ ಕನ್ನಡ ಮನೆಗಳ ಮಕ್ಕಳನ್ನೂ ಸೇರಿಸಿ ನಾನೇ ಸೂತ್ರಧಾರನಾಗುತ್ತೇನೆಂದು ಮುಂದಾದೆ. ಸಾಲದ ಪ್ರಸ್ತಾವನೆ ಸಿದ್ಧಪಡಿಸುವ ಶ್ರದ್ಧೆಯಿಂದಲೇ ಹದಿನೆಂಟು ಪುಟಗಳ ಕಥೆ ಬರೆದೆ. ಒಂದು ನದಿ, ನದಿಯಾಚೆ ಗವಿ, ಗವಿಯಲ್ಲಿ ಸರ್ಪ, ಸರ್ಪದ ಹೆಡೆಯಡಿ ನಿಧಿ. ಮಕ್ಕಳು ನದಿಯ ದಂಡೆಗೆ ಬಂದವರು ಅಲ್ಲಿಯೇ ನಿಂತುಬಿಟ್ಟರು. ಅವರಿಗೆ ದೋಣಿ ದಾಟಿಸುವ ಅಂಬಿಗನ ಮೇಲೆ ಕುತೂಹಲ. ಅವನಿಗೆ ಮಕ್ಕಳೆಷ್ಟು, ಅವನೇಕೆ ಮುಖ ಸಪ್ಪಗೆ ಮಾಡಿಕೊಂಡಿದ್ದಾನೆ ಎಂಬ ವಿಚಾರಣೆ. ನನ್ನ ಹದಿನೆಂಟು ಪುಟಗಳಲ್ಲಿ ಅಂಬಿಗನಿಗೆ ಹೆಸರೂ ಇರಲಿಲ್ಲ. ನಾನು ಬಿರುಗಾಳಿ ಎಬ್ಬಿಸಿದೆ. ಅವರು ಅಂಬಿಗನ ಗುಡಿಸಲಿಗೆ ಹೋದರು. ಗುಡಿಸಲಿಗೆ ಬೆಂಕಿ ಹಚ್ಚಿದೆ. ಅವರು ಆರಿಸಲು ನಿಂತರು. ಕಡೆಗೆ ರಾಜಭಟರನ್ನು ಕರೆಸಿ ಎಲ್ಲರನ್ನೂ ಹೆಡೆಮುರಿ ಕಟ್ಟಿ ಗವಿಯೊಳಗೆ ತಳ್ಳಿಸಿದೆ. ಆಗ ನನ್ನ ಕಿರಿಯ ಮಗಳು ಗುಜರಾತಿಯಲ್ಲಿ ಅಂದಳು: 'ಅಪ್ಪಾ, ಎಲ್ಲಾ ನೀವೇ ಬರೆದಿಟ್ಟಿದ್ದರೆ ಓದಿಬಿಡಿ, ನಾವು ಕೇಳುತ್ತೇವೆ.' ಅರ್ಧ ಗಂಟೆಯೊಳಗೆ ಮಕ್ಕಳೆಲ್ಲ ಫೋನುಗಳಿಗೆ ಮರಳಿದ್ದರು. ಲೆಕ್ಕಪರಿಶೋಧಕರ ಟಿಪ್ಪಣಿ ಕೂಡ ನನ್ನನ್ನು ಅಷ್ಟು ನಾಚಿಸಿರಲಿಲ್ಲ.

ತಪ್ಪೆಲ್ಲಿ ಎಂದು ಯೋಚಿಸುತ್ತಿದ್ದಾಗ ನೆನಪಾದುದು ಪುತ್ತೂರಿನ ಕಡೆಯ ನನ್ನ ಬಾಲ್ಯದ ತಾಳಮದ್ದಳೆ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮನೆಯ ಚಾವಡಿಯಲ್ಲಿ ನಡೆಯುತ್ತಿದ್ದ ಕೂಟಗಳವು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲಿಯೇ ಕೃಷ್ಣನಾಗಿ, ಕೌರವನಾಗಿ ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ಅದನ್ನು ಬೆಳೆಸುತ್ತಾರೆ. ಇದಿರಿನವನು ಏನು ಕೇಳುವನೆಂಬುದು ಮೊದಲೇ ಗೊತ್ತಿರುವುದಿಲ್ಲ. ಅಮೆರಿಕದವರು 1974ರಲ್ಲಿ ಮೇಜಿನ ಸುತ್ತ ಕಂಡುಕೊಂಡ ಸುಖವನ್ನು ನಮ್ಮ ಕರಾವಳಿಯವರೂ ಕಾಸರಗೋಡಿನವರೂ ಬಹುಕಾಲದಿಂದ ಚಾಪೆಯ ಮೇಲೆ ಅನುಭವಿಸುತ್ತ ಬಂದಿದ್ದಾರೆ. ಇದು ಅಭಿಮಾನದ ಮಾತು ಎನ್ನುವವರು ಎನ್ನಲಿ.

ಸಂಧಾನ ಮುರಿಯುತ್ತದೆ, ವಾಲಿ ಸಾಯುತ್ತಾನೆ. ಕೂಟದಲ್ಲಿ ಕುಳಿತ ಹುಡುಗನಿಗೂ ಇದು ಗೊತ್ತು. ಗೊತ್ತಿದ್ದೂ ಜನ ನಿದ್ದೆಗೆಟ್ಟು ಕೂರುವುದು ಪದ್ಯದಿಂದ ಪದ್ಯಕ್ಕೆ ಹೋಗುವ ದಾರಿಯು ಅರ್ಥಧಾರಿಯದು ಎಂಬ ಕಾರಣದಿಂದ. ನಾನು ಮಾಡಿದ್ದ ಅಪರಾಧವೆಂದರೆ ಪದ್ಯವನ್ನೂ ನಾನೇ ಬರೆದು ಅರ್ಥವನ್ನೂ ನಾನೇ ಹೇಳಲು ಹೊರಟದ್ದು. ಸೂತ್ರಧಾರನು ಆರೇಳು 'ಪದ್ಯ'ಗಳನ್ನಷ್ಟೇ, ಅಂದರೆ ನಡೆಯಲಿರುವ ಮುಖ್ಯ ಘಟನೆಗಳನ್ನಷ್ಟೇ ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡರೆ ಸಾಕು. ದಾಳವಿರುವುದರಿಂದ ಅವುಗಳಲ್ಲಿಯೂ ಒಂದೆರಡು ಕೆಳಗುಮೇಲಾಗಬಹುದು, ಆಗಲಿ.

ಅರ್ಥಧಾರಿಯು ಪ್ರವೇಶಿಸಿದೊಡನೆ ಜಗಳಕ್ಕೆ ಇಳಿಯುವುದಿಲ್ಲ. ಮೊದಲು ಪೀಠಿಕೆ: ತಾನು ಯಾರು, ಈಗ ಯಾವ ಸಂಕಟದಲ್ಲಿದ್ದೇನೆ, ಇಲ್ಲಿಗೇಕೆ ಬಂದೆ. ಇದನ್ನು ಮಕ್ಕಳ ಆಟಕ್ಕೆ ತಂದುದರ ಫಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಾತ್ರದ ಚೀಟಿಯಲ್ಲಿ ಶಕ್ತಿ 16, ಚಾತುರ್ಯ 12 ಎಂದು ಅಂಕಿ ಬರೆದುಕೊಂಡ ಹುಡುಗನಿಗೆ ತಾನು ಯಾರೆಂಬುದು ತಿಳಿದಿರುವುದಿಲ್ಲ. 'ನಾನು ಮಣಿಗಾರನ ಮಗ; ಅಪ್ಪನ ಸಾಲ ತೀರಿಸಬೇಕು; ನನಗೆ ನೀರೆಂದರೆ ಭಯ' ಎಂದು ಮೂರು ವಾಕ್ಯ ಹೇಳಿದವನು ಮುಂದೆ ದೋಣಿ ಹತ್ತಬೇಕಾದಾಗ ನಿಜವಾಗಿಯೂ ತಡವರಿಸುತ್ತಾನೆ.

ಖಳನ ವಿಷಯವೂ ಹಾಗೆಯೇ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣರಂಥ ಪಾತ್ರಗಳ ಅರ್ಥಗಾರಿಕೆಯಿಂದ ಮನೆಮಾತಾದವರು. ಮರೆಯಲ್ಲಿ ನಿಂತು ಬಾಣ ಬಿಟ್ಟುದೇಕೆಂದು ವಾಲಿಯು ರಾಮನನ್ನು ಕೇಳುವಾಗ ಆ ಪ್ರಶ್ನೆಗೆ ಪೂರ್ಣ ಬಲ ಸಿಗದಿದ್ದರೆ ರಾಮನ ಉತ್ತರವೂ ಸಪ್ಪೆ. ಸೂತ್ರಧಾರನು ರಕ್ಕಸನಿಗೂ ಕಳ್ಳನಿಗೂ ಒಂದು ನ್ಯಾಯವಾದ ಕಾರಣ ಕೊಡಬೇಕು. ಕೊಟ್ಟು, ಅದನ್ನು ಮನಸ್ಸಿಟ್ಟು ವಾದಿಸಬೇಕು. ಹೊಡೆಯಲು ಕತ್ತಿ ಎತ್ತಿದ ಮಗು ಒಂದು ಕ್ಷಣ ಯೋಚಿಸುವಂತಾದರೆ ಆಟ ಕುದುರಿತೆಂದೇ ತಿಳಿಯಬೇಕು.

ತಾಳಮದ್ದಳೆಗೂ ಒಂದು ರೋಗವಿದೆ. ಇಬ್ಬರು ಅರ್ಥಧಾರಿಗಳು ಪ್ರಸಂಗವನ್ನು ಮರೆತು ಪಾಂಡಿತ್ಯದ ಜಿದ್ದಿಗೆ ಬೀಳುವುದು. ಆಗ ಅನುಭವಿ ಭಾಗವತರು ಸದ್ದಿಲ್ಲದೆ ಮುಂದಿನ ಪದ್ಯ ಎತ್ತಿಬಿಡುತ್ತಾರೆ; ಮಾತು ತಾನಾಗಿ ನಿಲ್ಲುತ್ತದೆ, ಯಾರಿಗೂ ಮುಖಭಂಗವಿಲ್ಲ. ಮಕ್ಕಳಲ್ಲಿ ಒಬ್ಬ ವಾಚಾಳಿ ಇದ್ದೇ ಇರುತ್ತಾನೆ. ಅವನನ್ನು ಗದರಿಸುವ ಬದಲು ನಾನು ಊಟದ ತಟ್ಟೆಯ ಅಂಚಿಗೆ ಚಮಚದಿಂದ ಒಮ್ಮೆ ತಟ್ಟಿ, ಮೂಲೆಯಲ್ಲಿ ಮೌನವಾಗಿ ಕುಳಿತವನ ಕಡೆ ತಿರುಗಿ 'ಇತ್ತ ಬಂದರಿನಲ್ಲಿ...' ಎಂದು ಆರಂಭಿಸುತ್ತೇನೆ. ಗುಜರಾತಿನಲ್ಲಿಯೇ ಇದಕ್ಕೆ ಉತ್ತಮ ಗುರುಗಳಿದ್ದಾರೆ. ಬೆರಳಿಗೆ ಉಂಗುರ ತೊಟ್ಟು ತಾಮ್ರದ ಕೊಡವನ್ನು ಬಾರಿಸುತ್ತ ಆಖ್ಯಾನ ಹೇಳುವ ಮಾಣಭಟ್ಟರು ಅವರು. 17ನೆಯ ಶತಮಾನದ ವಡೋದರಾದ ಕವಿ ಪ್ರೇಮಾನಂದನ 'ನಳಾಖ್ಯಾನ' ಈ ಸಂಪ್ರದಾಯದ ಪ್ರಸಿದ್ಧ ಕೃತಿ; ದಾಳದಾಟದಲ್ಲಿ ರಾಜ್ಯ ಕಳೆದುಕೊಂಡ ರಾಜನ ಕಥೆ. ಆಖ್ಯಾನದ ಒಂದೊಂದು ಖಂಡದ ಕೊನೆಯಲ್ಲಿಯೂ 'ವಲಣ' ಎಂಬ ತಿರುವು ಬಂದು ಮುಂದಿನ ಖಂಡಕ್ಕೆ ಕೈಹಿಡಿದು ಕರೆದೊಯ್ಯುತ್ತದೆ. ಆಟದ ಒಂದು ದಿನವನ್ನು ಮುಗಿಸಬೇಕಾದುದೂ ಹೀಗೆಯೇ: ಯುದ್ಧ ಮುಗಿದ ಮೇಲಲ್ಲ, ಬಾಗಿಲು ತಟ್ಟಿದ ಸದ್ದು ಕೇಳಿದಾಗ.

ಇನ್ನು ದಾಳ. ಇಪ್ಪತ್ತು ಮುಖದ ದಾಳದಲ್ಲಿ ಪ್ರತಿಯೊಂದು ಅಂಕಿಗೂ ನೂರಕ್ಕೆ 5ರ ಸಂಭವ. 1 ಬೀಳುವುದೂ 11 ಬೀಳುವುದೂ ಒಂದೇ. ಹೀಗಾಗಿ ನಿಪುಣ ಯೋಧನೂ ಪದೇ ಪದೇ ಎಡವಿ ನಗೆಪಾಟಲಾಗುತ್ತಾನೆ. ನಮ್ಮ ಚೌಕಾಬಾರದ ಕವಡೆಗಳ ಲೆಕ್ಕ ಬೇರೆ. ಕವಡೆಯಿಲ್ಲದಿದ್ದರೆ ನಾಲ್ಕು ಹುಣಿಸೆಬೀಜಗಳ ಒಂದು ಮಗ್ಗುಲನ್ನು ಬಿಳಿಯಾಗುವವರೆಗೆ ಕಲ್ಲಿಗೆ ತಿಕ್ಕಿದರಾಯಿತು. ಎರಡು ಮಗ್ಗುಲೂ ಸಮನಾಗಿ ಬೀಳುವುವೆಂದು ಇಟ್ಟುಕೊಂಡರೆ ಒಟ್ಟು ಸಾಧ್ಯತೆಗಳು 16. ಬಿಳಿ ಒಂದೂ ಇಲ್ಲದೆ, ಅಥವಾ ಒಂದೇ ಮೇಲಾಗಿ ಬೀಳುವುದು 16ರಲ್ಲಿ 5 ಸಲ. ಎರಡು ಬಿಳಿ 6 ಸಲ. ಮೂರು ಅಥವಾ ನಾಲ್ಕು ಬಿಳಿ ಮತ್ತೆ 5 ಸಲ. ಇದರ ಮೇಲೆ ನಾನು ಕಟ್ಟಿಕೊಂಡ ನಿಯಮ: ಮೂರಕ್ಕೆ ಮೇಲ್ಪಟ್ಟರೆ ಕಾರ್ಯಸಿದ್ಧಿ, ಎರಡಾದರೆ ಸಿದ್ಧಿಯೇ, ಆದರೆ ಏನಾದರೂ ಒಂದನ್ನು ತೆರಬೇಕು, ಎರಡಕ್ಕಿಂತ ಕಡಿಮೆಯಾದರೆ ಸೋಲು. ಎಲ್ಲಕ್ಕಿಂತ ಹೆಚ್ಚಾಗಿ ಬರುವುದು ಆ ನಡುವಿನ ಗರವೇ. ಬಾಗಿಲು ತೆರೆಯಿತು, ಕೀಲಿ ಮುರಿಯಿತು. ಕಾವಲುಗಾರ ಒಳಗೆ ಬಿಟ್ಟ, ನಿನ್ನ ಹೆಸರು ಕೇಳಿಕೊಂಡ. ಕಥೆ ಹುಟ್ಟುವುದು ಈ ಗರದಲ್ಲಿ. ಸೋತರೂ ಕಥೆ ಮುಂದುವರಿಯುವಂತಿದ್ದರೆ ಮಾತ್ರ ಬೀಜ ಎಸೆಯಲು ಹೇಳಬೇಕು. ಇಲ್ಲದಿದ್ದರೆ ಕೆಲಸ ಆಯಿತೆಂದು ಒಪ್ಪಿಕೊಂಡುಬಿಡುವುದು ಲೇಸು.

ಎರಡನೆಯ ಪ್ರಯತ್ನಕ್ಕೆ ಸರ್ಪದ ಗವಿಯನ್ನು ಬಿಟ್ಟು ನಾನು ಲೋಥಲವನ್ನು ಆರಿಸಿಕೊಂಡೆ. ಅಹಮದಾಬಾದಿನಿಂದ ಸುಮಾರು 80 ಕಿಲೋಮೀಟರ್ ದೂರದ ಈ ಹರಪ್ಪಾ ಕಾಲದ ಪಟ್ಟಣವನ್ನು 1954ರಲ್ಲಿ ಗುರುತಿಸಿ, 1955ರಿಂದ 1960ರವರೆಗೆ ಅಗೆಸಿದವರು ಕನ್ನಡಿಗರಾದ ಶಿಕಾರಿಪುರ ರಂಗನಾಥ ರಾವ್. ಗುಜರಾತಿನಲ್ಲಿ ಮನೆ ಮಾಡಿದ ನಮಗೆ ಇದಕ್ಕಿಂತ ಸಲ್ಲುವ ರಂಗಸ್ಥಳ ಯಾವುದಿದ್ದೀತು? ಊರಿನ ಹೆಸರಿಗೇ ಸತ್ತವರ ದಿಬ್ಬವೆಂಬ ಅರ್ಥವಿದೆ. ಸುಮಾರು 218 ಮೀಟರ್ ಉದ್ದ, 37 ಮೀಟರ್ ಅಗಲದ ಸುಟ್ಟಿಟ್ಟಿಗೆಯ ಕಟ್ಟೆ. ಅದು ಹಡಗುಕಟ್ಟೆಯೆಂದು ರಾವ್ ಅವರು, ಅಲ್ಲ, ಬರಿಯ ನೀರಿನ ಕೆರೆಯೆಂದು ಕೆಲವು ವಿದ್ವಾಂಸರು. ಮಣಿ ತಯಾರಿಸುವ ಕಾರ್ಖಾನೆ. ಬೆಂಕಿಗೆ ಆಹುತಿಯಾದ ಒಂದು ಉಗ್ರಾಣ. ಸರಕಿನ ಕಟ್ಟುಗಳಿಗೆ ಮೆತ್ತಿದ್ದ ಮಣ್ಣಿನ ಮುದ್ರೆಗಳು ಆ ಬೆಂಕಿಯಲ್ಲಿ ಬೆಂದು ಗಟ್ಟಿಯಾಗಿ ನಮ್ಮವರೆಗೆ ಉಳಿದುಬಂದವು. ಅವುಗಳ ಬೆನ್ನಿನಲ್ಲಿ ಹಗ್ಗದ, ನೆಯ್ದ ಬಟ್ಟೆಯ ಗುರುತುಗಳಿವೆ. ಅಡವಿನ ಸರಕಿದ್ದ ಗೋದಾಮಿಗೆ ಬೀಗಮುದ್ರೆ ಹಾಕಿಸಿ ಬಂದ ನನ್ನಂಥವನಿಗೆ ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ನೌಕರ ಸಹೋದ್ಯೋಗಿಯಂತೆ ತೋರಿದರೆ ತಪ್ಪೇನು? ಅಲ್ಲಿಯೇ ಪರ್ಷಿಯನ್ ಕೊಲ್ಲಿಯ ಕಡೆಯ ಒಂದು ದುಂಡುಮುದ್ರೆಯೂ ದೊರೆತಿದೆ.

ನನ್ನ ಚೀಟಿಯಲ್ಲಿದ್ದುದು ಇಷ್ಟು: ದುಂಡುಮುದ್ರೆ ಕಾಣೆಯಾಗಿದೆ, ಅದಿಲ್ಲದೆ ಪರದೇಶದ ಹಡಗು ಸರಕು ಇಳಿಸುವುದಿಲ್ಲ, ರಾತ್ರಿಯಲ್ಲಿ ಮುದ್ರೆಗಳ ಮೇಲಿನ ಒಂಟಿಕೊಂಬಿನ ಮೃಗಗಳು ಜೀವ ತಳೆದು ಬೀದಿಗಿಳಿಯುತ್ತವೆ, ಏಳನೆಯ ದಿನ ಉಗ್ರಾಣಕ್ಕೆ ಬೆಂಕಿ ಬೀಳಲಿದೆ. ಕಟ್ಟೆಯು ಬಂದರೋ ಕೆರೆಯೋ ಎಂಬುದನ್ನು ನಾನು ನಿರ್ಧರಿಸಲಿಲ್ಲ. ಮಕ್ಕಳೇ ವಾದ ಮಾಡಿ ಬಂದರೆಂದು ತೀರ್ಮಾನಿಸಿದರು. ನಿಯಮ ಒಂದೇ: ಪಾತ್ರವಾಗಿ ಆಡುವ ಮಾತು ಕನ್ನಡದಲ್ಲಿ, ಪಾತ್ರದ ಹೊರಗೆ ಯಾವ ಭಾಷೆಯಾದರೂ ಸರಿ. ತಪ್ಪು ಕನ್ನಡವನ್ನು ಆಟದ ನಡುವೆ ಯಾರೂ ತಿದ್ದಕೂಡದು. ಈ ಕೊನೆಯ ಮಾತು ನನ್ನ ಪತ್ನಿಯದು, ನನ್ನನ್ನು ಚೆನ್ನಾಗಿ ಬಲ್ಲವಳಾದ್ದರಿಂದ.

ಉಗ್ರಾಣದ ಕಾವಲುಗಾರನ ಪಾತ್ರವನ್ನು ವಹಿಸಿದವನು ಹನ್ನೆರಡು ವರ್ಷದ ಒಬ್ಬ ಹುಡುಗ. ಎರಡು ವರ್ಷಗಳಿಂದ ನಮ್ಮ ಮನೆಗೆ ಬರುತ್ತಿದ್ದರೂ ಅವನ ಬಾಯಿಂದ ಒಂದು ಪೂರ್ಣ ಕನ್ನಡ ವಾಕ್ಯವನ್ನು ನಾನು ಕೇಳಿರಲಿಲ್ಲ. ಉಳಿದವರು 'ನೀನೇ ಕದ್ದೆ' ಎಂದು ಮೇಲೆ ಬಿದ್ದಾಗ ಅವನು ಎದ್ದು ನಿಂತು, ಪದಗಳಿಗಾಗಿ ತಡಕಾಡುತ್ತ ಹೇಳಿದ: 'ಕದ್ದಿಲ್ಲ. ಅಡಗಿಸಿದೆ. ಹಡಗು ಬಂದರೆ ನನ್ನ ತಮ್ಮನನ್ನು ಒಯ್ಯುತ್ತಾರೆ.' ತಮ್ಮನೊಬ್ಬನಿದ್ದಾನೆಂಬುದು ನನ್ನ ಚೀಟಿಯಲ್ಲಿರಲಿಲ್ಲ. ಬೀಜ ಎಸೆಯಲು ಹೇಳಿದೆ. ಎರಡು ಬಿಳಿ. ಅವರು ಅವನನ್ನು ನಂಬಿದರು; ಬದಲಿಗೆ ಮುದ್ರೆ ಎಲ್ಲಿದೆಯೆಂದು ಹೇಳಬೇಕೆಂದು ಪಟ್ಟುಹಿಡಿದರು. ಎಲ್ಲಿ ಅಡಗಿಸಿದ್ದೆಂದು ಹೇಳಲು ಅವನಿಗೆ ಪದ ಸಿಗಲಿಲ್ಲ. 'ಭತ್ತ ತುಂಬುವ ದೊಡ್ಡ ಮರದ ಡಬ್ಬಿ' ಎಂದ. ಅದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆಂಬುದು ಅಲ್ಲಿದ್ದ ಯಾವ ಮಗುವಿಗೂ ತಿಳಿಯದು. ನನ್ನ ಮಗಳು ಪುತ್ತೂರಿಗೆ ಫೋನು ಹಚ್ಚಿ ಅಜ್ಜಿಯನ್ನು ಕೇಳಿದಳು. 'ಪತ್ತಾಯ' ಎಂದರು ನಮ್ಮ ತಾಯಿ. ಅನಂತರ ಪತ್ತಾಯದೊಳಗೆ ತಾವು ಬಾಲ್ಯದಲ್ಲಿ ಅಡಗಿ ಕುಳಿತು ನಿದ್ದೆಹೋದ ಕಥೆಯನ್ನು ಹೇಳತೊಡಗಿದರು. ಆಟ ಮುಕ್ಕಾಲು ಗಂಟೆ ನಿಂತಿತು. ನಾನು ತಟ್ಟೆಗೆ ಚಮಚ ತಟ್ಟಲಿಲ್ಲ.

ಈಗ ಪ್ರತಿ ಭಾನುವಾರ ಅಜ್ಜಿಯೇ ಫೋನು ಮಾಡಿ 'ಹಡಗು ಬಂತೇ ಮಗಾ?' ಎಂದು ವಿಚಾರಿಸುತ್ತಾರೆ. ನಮ್ಮ ಆಟ ಐದನೆಯ ದಿನಕ್ಕೆ ಬಂದು ನಿಂತಿದೆ. ಏಳನೆಯ ದಿನದ ಬೆಂಕಿಯ ಸುದ್ದಿ ಮಕ್ಕಳಿಗೆ ಇನ್ನೂ ತಿಳಿಯದು. ಬೇಸಿಗೆ ರಜೆಯಲ್ಲಿ ಸುರತದ ಹಳೆಯ ನೆರೆಯವರ ಮಕ್ಕಳೂ ಬಂದು ಸೇರಲಿದ್ದಾರೆ. ಅವರಿಗೆ ಬರೆದ ಕಾಗದದಲ್ಲಿ ನಾಲ್ಕು ಹುಣಿಸೆಬೀಜಗಳನ್ನು ಒಂದು ಮಗ್ಗುಲು ತಿಕ್ಕಿ ತರುವಂತೆಯೂ, ಬರುವ ಮೊದಲು ತಮ್ಮ ತಮ್ಮ ಅಜ್ಜಿಯರಿಂದ ಹಡಗಿಗೋ ಉಗ್ರಾಣಕ್ಕೋ ಸಂಬಂಧಿಸಿದ ಒಂದೊಂದು ಪದವನ್ನು ಕೇಳಿಕೊಂಡು ಬರುವಂತೆಯೂ ತಿಳಿಸಿದ್ದೇನೆ.