ಜಮಾಖರ್ಚಿನ ಯಂತ್ರವೂ ಮನೆಯ ಯಜಮಾನನೂ

ಮನೆಯ ಲೆಕ್ಕವನ್ನು ಬರೆದಿಡುವ ಪದ್ಧತಿಯು ನಮ್ಮಲ್ಲಿ ಹೊಸದಲ್ಲ. ಕಿರ್ದಿ, ಖತಾವಣಿ, ಬಾಬ್ತು, ಶಿಲ್ಕು ಎಂಬ ಮಾತುಗಳನ್ನು ಕೇಳದೆ ಬೆಳೆದವರು ನನ್ನ ವಯಸ್ಸಿನ ಗೃಹಸ್ಥರಲ್ಲಿ ವಿರಳ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ರಾಜನ ವ್ಯಯವನ್ನು ದಿನದಿನವೂ ಆಗತಕ್ಕ 'ನಿತ್ಯ'ವೆಂದೂ, ಪಕ್ಷ ಮಾಸ ಸಂವತ್ಸರಗಳಿಗೊಮ್ಮೆ ಬರತಕ್ಕ 'ಲಾಭ'ವೆಂದೂ, ಇವೆರಡರಿಂದ ಹುಟ್ಟುವ ಬೇರೆ ವ್ಯಯಗಳೆಂದೂ ವಿಂಗಡಿಸಿ, ಕೊನೆಗೆ ಉಳಿದುದಕ್ಕೆ 'ನೀವೀ' ಎಂದು ಹೆಸರಿಟ್ಟಿದೆ. (ಇಲ್ಲಿ ಲಾಭವೆಂದರೆ ವರ್ತಕನ ಲಾಭವಲ್ಲ, ವಾಚಕರು ಬೆಚ್ಚಬಾರದು.) ಹಣವು ಹೋಯಿತೆಂದು ಬರೆದರೆ ಸಾಲದು, ಯಾವುದರ ಸಲುವಾಗಿ ಹೋಯಿತೆಂದು ಬರೆಯಬೇಕೆಂಬ ವಿಚಾರವು ಅಷ್ಟು ಹಳೆಯದು.

ಈಗಿನ ತೊಡಕು ಬೇರೆ. ೨೦೧೬ರಲ್ಲಿ ಯು.ಪಿ.ಐ. ಎಂಬ ಪಾವತಿಯ ಕ್ರಮವು ಬಂದಮೇಲೆ ಕೊತ್ತಂಬರಿ ಸೊಪ್ಪಿಗೆ ಕೊಟ್ಟ ಹತ್ತು ರೂಪಾಯಿಯೂ ಬ್ಯಾಂಕಿನ ವಿವರಪಟ್ಟಿಯಲ್ಲಿ ಒಂದು ಸಾಲಾಗಿ ಕುಳಿತುಕೊಳ್ಳುವುದು. ನಮ್ಮ ಮನೆಯ ಒಂದು ತಿಂಗಳಿನ ಪಟ್ಟಿಯು ನೂರು ಸಾಲಿಗೆ ಕಡಮೆಯಿಲ್ಲ. ಇಷ್ಟನ್ನು ಕೈಯಿಂದ ಬಾಬ್ತುವಾರು ಬರೆಯುವ ತಾಳ್ಮೆ ಯಾರಿಗಿದೆ? ಆದುದರಿಂದಲೇ ಈ ಕೆಲಸವನ್ನು ತಾನಾಗಿ ಮಾಡುವ ತಂತ್ರಾಂಶಗಳು ಹುಟ್ಟಿಕೊಂಡಿವೆ. ನನ್ನ ಮಗನು ಕಳೆದ ವರ್ಷ ಅಂಥದೊಂದನ್ನು ನಮ್ಮ ಗಣಕಯಂತ್ರದಲ್ಲಿ ಹಾಕಿಕೊಟ್ಟನು.

ಅದು ಮಾಡುವುದೇನೆಂದರೆ, ಬ್ಯಾಂಕಿನ ಪಟ್ಟಿಯಲ್ಲಿರುವ ತಾರೀಖು, ಮೊಬಲಗು, ವಿವರಣೆ ಇವುಗಳಲ್ಲಿ ಮುಖ್ಯವಾಗಿ ವಿವರಣೆಯ ಕಲಮನ್ನು ಓದುವುದು. ವಿವರಣೆಯಲ್ಲಿ ವಿದ್ಯುತ್ ಕಂಪನಿಯ ಹೆಸರು ಕಂಡರೆ ವಿದ್ಯುತ್ತಿನ ಬಾಬ್ತಿಗೆ ಸೇರಿಸೆಂದು ನಾವು ಒಂದು ನಿಯಮವನ್ನು ಬರೆದಿಟ್ಟರೆ, ಅದರಂತೆ ನಡೆಯುವುದು. ಕಾರ್ಡಿನಿಂದ ಕೊಟ್ಟ ಹಣಕ್ಕಾದರೋ ಅಂಗಡಿಯ ಜಾತಿಯನ್ನು ಸೂಚಿಸುವ ನಾಲ್ಕಂಕಿಯ ಸಂಕೇತವೊಂದುಂಟು. ೫೪೧೧ ಎಂದರೆ ದಿನಸಿ, ೫೯೧೨ ಎಂದರೆ ಔಷಧಾಲಯ. ಇನ್ನು ಕೆಲವು ತಂತ್ರಾಂಶಗಳು ನಾವು ಹಿಂದೆ ಮಾಡಿದ ವಿಂಗಡಣೆಯನ್ನು ನೋಡಿ ಊಹಿಸುವುವು. ೧೯೯೮ರಿಂದ ಬಳಕೆಯಲ್ಲಿರುವ, ಬೆಲೆಯಿಲ್ಲದೆ ದೊರೆಯುವ ಗ್ನೂಕ್ಯಾಶ್ ಎಂಬುದರಲ್ಲಿ ಈ ಊಹೆಗೆ ಆಧಾರವು ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯ ಸಂಭಾವ್ಯತೆಯ ಸೂತ್ರ. ಆತನು ತೀರಿಕೊಂಡ ಬಳಿಕ ೧೭೬೩ರಲ್ಲಿ ಅಚ್ಚಾದ ಆ ಲೇಖನವು ಇಂದು ನಮ್ಮ ಬೇಳೆಬೆಲ್ಲದ ಖರ್ಚನ್ನು ವಿಂಗಡಿಸುತ್ತಿರುವುದು ಆಶ್ಚರ್ಯವಲ್ಲವೆ!

ಇಷ್ಟಾದರೂ ಯಂತ್ರಕ್ಕೆ ಗೊತ್ತಿರುವುದು ಹೆಸರು ಮಾತ್ರ, ಪ್ರಯೋಜನವಲ್ಲ. ಇದನ್ನು ನಾನು ಕಲಿತುದು ಹೇಗೆಂಬುದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುವೆನು.

ಮೂರು ತಿಂಗಳಿನ ಲೆಕ್ಕವನ್ನು ತೆಗೆದು ನೋಡಿದಾಗ 'ಸ್ನೇಹಿತರಿಗೆ ವರ್ಗಾವಣೆ' ಎಂಬ ಬಾಬ್ತಿನಲ್ಲಿ ೧೧,೪೦೦ ರೂಪಾಯಿ ನಿಂತಿತ್ತು. ಎಲ್ಲವೂ ಒಬ್ಬನೇ ವ್ಯಕ್ತಿಗೆ ಹೋದುದು. ಆ ಹೆಸರು ನನಗೆ ಅಪರಿಚಿತ. ನನ್ನ ಫೋನನ್ನು ಹಿಡಿದು ಅಂಗಡಿಗೆ ಹೋಗುವವನು ಕಾಲೇಜಿನಲ್ಲಿ ಓದುವ ಮೊಮ್ಮಗ. ರಾತ್ರಿ ಊಟದ ಹೊತ್ತಿನಲ್ಲಿ ಎಲ್ಲರೆದುರಿಗೂ "ಯಾರಪ್ಪಾ ಈ ನಿನ್ನ ಸ್ನೇಹಿತ? ತಿಂಗಳು ತಿಂಗಳೂ ಅವನಿಗೆ ಹಣವೇಕೆ?" ಎಂದು ಕೇಳಿದೆನು. ಕೇಳಿದ ಧ್ವನಿ ತರಗತಿಯಲ್ಲಿ ಬೆತ್ತ ಹಿಡಿದವನ ಧ್ವನಿ. ಹುಡುಗನು ತಬ್ಬಿಬ್ಬಾಗಿ ಸ್ವಲ್ಪ ಹೊತ್ತು ಸುಮ್ಮನಿದ್ದನು; ಆ ಮೌನವನ್ನೇ ನಾನು ಒಪ್ಪಿಗೆಯೆಂದೆಣಿಸಿ ಇನ್ನೆರಡು ಮಾತು ಹೆಚ್ಚಿಗೆ ಆಡಿದೆನು. ಆಮೇಲೆ ಅವನು, "ತಾತ, ಅದು ಔಷಧದಂಗಡಿಯವರ ಸ್ವಂತ ಹೆಸರು. ಅಜ್ಜಿಯ ಮಾತ್ರೆ" ಎಂದನು. ಅಷ್ಟು ಹೇಳಿ ಎದ್ದುಹೋದನು. ಮಜ್ಜಿಗೆ ಅನ್ನ ಹಾಗೆಯೇ ಉಳಿಯಿತು.

ವಿಷಯವಿಷ್ಟೆ: ಅಂಗಡಿಯವರು ತಮ್ಮ ಸ್ವಂತ ಖಾತೆಯ ಚೌಕುಳಿ ಚಿತ್ರವನ್ನೇ ಗಲ್ಲಾಪೆಟ್ಟಿಗೆಯ ಬಳಿ ಅಂಟಿಸಿದ್ದರು. ವ್ಯಕ್ತಿಯ ಸ್ವಂತ ಖಾತೆಗೆ ಹೋದ ಹಣಕ್ಕೆ ಔಷಧದಂಗಡಿಯೆಂಬ ಗುರುತು ಇರುವುದಿಲ್ಲ. ಮೊದಲ ಸಲ ತಂತ್ರಾಂಶವು "ಇದು ಯಾವ ಬಾಬ್ತು?" ಎಂದು ನನ್ನನ್ನೇ ಕೇಳಿದ್ದಿತು. ಅದು ತೋರಿಸಿದ ಮೊದಲನೆಯ ಸೂಚನೆಗೇ ನಾನು ಅವಸರದಲ್ಲಿ ಹ್ಞೂಂಗುಟ್ಟಿದ್ದೆನು. ಅನಂತರ ಅದು ಕೇಳಲಿಲ್ಲ. ನನ್ನ ತಪ್ಪನ್ನೇ ನಿಯಮವೆಂದು ಶ್ರದ್ಧೆಯಿಂದ ಪಾಲಿಸಿತು. ಔಷಧದ ಬಾಬ್ತಿನಲ್ಲಿ ಮೂರು ತಿಂಗಳಿಗೆ ೪೨೦ ರೂಪಾಯಿ ಮಾತ್ರ ಕಾಣುತ್ತಿದ್ದುದು ನನಗೆ ಅನುಮಾನವನ್ನು ಹುಟ್ಟಿಸಬೇಕಾಗಿತ್ತು. ನನ್ನ ಮಡದಿಯು ಹೇಳಿದ್ದು ಒಂದೇ ಮಾತು: "ನನ್ನನ್ನಾದರೂ ಕೇಳಬಾರದಾಗಿತ್ತೆ?"

ಮರುದಿನ ಹುಡುಗನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಲು ತೊಡಗಿದೆನು. ನಿಯಮವನ್ನು ತಿದ್ದಿದರೆ ಮುಂದಿನ ಸಾಲುಗಳು ಮಾತ್ರ ಸರಿಹೋದುವು. ಹಿಂದಿನವನ್ನು ಒಂದೊಂದಾಗಿ ಬದಲಾಯಿಸಬೇಕಾಯಿತು. ಹಾಗೆ ನೋಡುತ್ತ ಹೋದಂತೆ ಬೇರೆ ತಪ್ಪುಗಳೂ ಹೊರಬಿದ್ದುವು. ಕ್ರೆಡಿಟ್ ಕಾರ್ಡಿನಿಂದ ಕೊಂಡ ಸಾಮಾನುಗಳು ಒಂದು ಸಲವೂ, ಆ ಕಾರ್ಡಿನ ಬಿಲ್ಲನ್ನು ತೀರಿಸಿದ ಹಣ ಇನ್ನೊಂದು ಸಲವೂ ಖರ್ಚಾಗಿ ಸೇರಿದ್ದುವು. ಬಿಲ್ಲು ತೀರಿಸುವುದು ಸಾಲದ ತೀರುವಳಿಯೇ ಹೊರತು ಹೊಸ ಖರ್ಚಲ್ಲ. ಬ್ಯಾಂಕಿನಲ್ಲಿಯೇ ಮುದ್ದತಿನ ಠೇವಣಿಗೆ ಹಾಕಿದ ಐವತ್ತು ಸಾವಿರವೂ ವ್ಯಯವೆಂದು ಬಿದ್ದಿತ್ತು! ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದುದನ್ನು ವರ್ಗಾವಣೆಯೆಂದೇ ಗುರುತಿಸಬೇಕು. ಎ.ಟಿ.ಎಮ್ಮಿನಿಂದ ತೆಗೆದ ನಗದಿಗೂ ಇದೇ ನ್ಯಾಯ. ಅಂಗಡಿಯವರು ಹಿಂದಿರುಗಿಸಿದ ಹಣವನ್ನು ಯಂತ್ರವು ವರಮಾನವೆಂದಿತ್ತು. ಅದನ್ನು ಆಯಾ ಖರ್ಚಿನಲ್ಲಿಯೇ ಕಳೆಯಬೇಕು.

ಈಗ ಮೊಮ್ಮಗನು ಹಣ ಕಳುಹಿಸುವಾಗಲೇ ಎರಡು ಮಾತಿನ ಷರಾ ಬರೆಯುವನು; ಅದು ನಮ್ಮ ಬ್ಯಾಂಕಿನ ಪಟ್ಟಿಯಲ್ಲಿ ಮೂಡುವುದರಿಂದ ನಿಯಮಕ್ಕೆ ಆಧಾರವಾಗುತ್ತದೆ. ಬ್ಯಾಂಕಿನ ಗುಪ್ತಪದವನ್ನು ಯಾವ ತಂತ್ರಾಂಶಕ್ಕೂ ಒಪ್ಪಿಸದೆ, ಪಟ್ಟಿಯ ಕಡತವನ್ನು ಮಾತ್ರ ಇಳಿಸಿಕೊಂಡು ಓದಿಸುತ್ತೇವೆ. ನಿಶ್ಚಯವಾಗಿ ತಿಳಿಯದ ಸಾಲುಗಳಿಗೆ ಹಳೆಯ ಅಂಗಡಿಗಳ ಲೆಕ್ಕದಲ್ಲಿದ್ದಂತೆ 'ಅನಾಮತ್ತು' ಎಂಬ ಬಾಬ್ತನ್ನು ತೆರೆದಿರುವೆನು. ತಿಂಗಳಿನ ಮೊದಲ ಭಾನುವಾರ ಮೂವರೂ ಕುಳಿತು ಅದನ್ನು ಬರಿದು ಮಾಡುವುದು ವಾಡಿಕೆ.

ಕಳೆದ ತಿಂಗಳಲ್ಲಿ ಉಳಿದುದು ಒಂದೇ ಸಾಲು, ೩೪೦ ರೂಪಾಯಿ. ಹೂವಿನವಳಿಗೆ ಕೊಟ್ಟುದಿರಬೇಕೆಂದು ನನ್ನ ಮಡದಿ, ಅಲ್ಲ, ಸೈಕಲ್ಲಿನ ರಿಪೇರಿಯೆಂದು ಹುಡುಗ. ಸೈಕಲ್ಲಿನವನನ್ನು ಕೇಳಿಬರುತ್ತೇನೆಂದು ಹೋದವನು ಅಂಗಡಿ ಮುಚ್ಚಿತ್ತೆಂದು ಹಿಂದಿರುಗಿದನು. ಸಾಲು ಇನ್ನೂ ಅನಾಮತ್ತಿನಲ್ಲಿಯೇ ಇದೆ.